ಜೋಗ ತುಂಬುವ ಮೊದಲೇ ಕಕ್ಕಸುಗುಂಡಿ ಸರಿಮಾಡಿಕೊಳ್ಳಿ

ಪುಷ್ಯ ಮಳೆ ಹಿಡಿಯಿತೆಂದರೆ ಜೋಗ, ಆಗುಂಬೆ, ಕೊಡಚಾದ್ರಿ ಕಡೆಯ ಹೋಂಸ್ಟೇಗಳಲ್ಲಿ ಶನಿವಾರ, ಭಾನುವಾರ ಕಾಲಿಡಲು ಜಾಗವಿರುವುದಿಲ್ಲ. ಮನೆಮಂದಿಗೆಂದು ಕಟ್ಟಿಸಿದ ಕಕ್ಕಸಿನ ಟ್ಯಾಂಕಿಗೆ ಇಪ್ಪತ್ತು ಜನರ ನೀರು. ನಮ್ಮ ಮನೆಯಲ್ಲೂ ಒಂದು ಜುಲೈನಲ್ಲಿ, ಉಳಿದುಕೊಂಡವರ ಎದುರೇ ಕಕ್ಕಸಿನ ನೀರು ಮೇಲೆ ಬಂತು. ಟ್ಯಾಂಕ್ ಸಾಲದು ಅಂದುಕೊಂಡೆವು. ಹುಡುಕುತ್ತಾ ಹೋದರೆ ಸೂರಿನ ನೀರಿನ ಪೈಪೂ ಅದಕ್ಕೇ ಸೇರಿತ್ತು.

ಹಾಗಾಗಿ ಮೊದಲು ಮಳೆನೀರನ್ನು ಬೇರೆ ಮಾಡಿ. 100 ಚದರ ಮೀಟರ್ ಮಾಡಿನ ಮೇಲೆ 100 ಮಿ.ಮೀ. ಮಳೆ ಬಿದ್ದರೆ 10,000 ಲೀಟರ್ ನೀರಾಗುತ್ತದೆ. ಆಗುಂಬೆ ಸೀಮೆಯಲ್ಲಿ ಅಷ್ಟು ಮಳೆ ಒಂದೇ ದಿನ ಹೊಯ್ಯುವುದುಂಟು. ಯಾವ ಟ್ಯಾಂಕೂ ಅದನ್ನು ತಡೆಯುವುದಿಲ್ಲ. ತಳದ ಹೂಳು ಕದಡಿ ಹೊರಗೆ ಹೋಗುತ್ತದೆ. ಸೂರಿನ ನೀರು, ಅಂಗಳದ ನೀರು ಎರಡನ್ನೂ ಕಾಲುವೆ ತೋಡಿ ದೂರ ಬಿಡಿ. ಟ್ಯಾಂಕಿನ ಮುಚ್ಚಳ ನೆಲಕ್ಕಿಂತ ಅರ್ಧ ಅಡಿ ಮೇಲಿರಲಿ.

ಆಮೇಲೆ ಹೂಳು ಅಳೆಯಿರಿ. ಬಿದಿರಿನ ಗಳುವಿಗೆ ಬಿಳಿ ಬಟ್ಟೆ ಸುತ್ತಿ, ತಳ ಮುಟ್ಟುವವರೆಗೆ ಇಳಿಸಿ. ಐದು ನಿಮಿಷ ಬಿಟ್ಟು ನಿಧಾನಕ್ಕೆ ಎತ್ತಿ. ಬಟ್ಟೆಗೆ ಎಷ್ಟು ಎತ್ತರದವರೆಗೆ ಕಪ್ಪು ಕೆಸರು ಮೆತ್ತಿದೆಯೋ ಅಷ್ಟು ಹೂಳು. ಆಳದ ಮೂರನೇ ಒಂದು ಪಾಲು ತುಂಬಿದ್ದರೆ ಸಕ್ಕಿಂಗ್ ಗಾಡಿ ಕರೆಸಿ. ಒಳಗೆ ಯಾರನ್ನೂ ಇಳಿಸಲೇಬೇಡಿ. ಅಲ್ಲಿನ ವಿಷಗಾಳಿ ನಿಮಿಷದಲ್ಲಿ ಜೀವ ತೆಗೆಯುತ್ತದೆ. ಸುರಕ್ಷಾ ಸಾಧನವಿಲ್ಲದೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯಂತೆ ಅಪರಾಧ ಕೂಡ. ಮುಚ್ಚಳ ತೆಗೆದಾಗ ಬಗ್ಗಿ ನೋಡಬೇಡಿ, ಹತ್ತಿರ ಬೀಡಿ ಹಚ್ಚಬೇಡಿ.

ಇನ್ನು ಟ್ಯಾಂಕಿನ ಅಳತೆ. ತಲೆಗೆ ದಿನಕ್ಕೆ 100 ಲೀಟರ್ ಹಿಡಿದರೆ 20 ಜನಕ್ಕೆ 2,000. ಆ ನೀರು ಟ್ಯಾಂಕಿನಲ್ಲಿ ಎರಡು ದಿನ ನಿಲ್ಲಲು 4,000, ಹೂಳಿಗೆ ಇನ್ನೊಂದು 2,000. ಹಳೆಯದು ಚಿಕ್ಕದಾದರೆ ಒಡೆಯಬೇಕಿಲ್ಲ, ಅದರ ಮುಂದೆ ಇನ್ನೊಂದು ಟ್ಯಾಂಕ್ ಜೋಡಿಸಿ. ನಡುವೆ ಟಿ ಪೈಪ್ ಹಾಕಿ, ಅದರ ಬಾಯಿ ನೀರಿನೊಳಗೆ ಒಂದಡಿ ಇಳಿದಿರಲಿ. ತೇಲುವ ಜಿಡ್ಡು ಆಚೆ ದಾಟುವುದಿಲ್ಲ. ಆಸಿಡ್ ಸುರಿದು ಕಕ್ಕಸು ತೊಳೆಯುವುದನ್ನು ಬಿಡಿ, ಕೊಳೆಸುವ ಜೀವಾಣುಗಳು ಸಾಯುತ್ತವೆ.

ನಮ್ಮ ಕಡೆ ನಿಜವಾದ ತೊಂದರೆ ಟ್ಯಾಂಕಿನಿಂದ ಹೊರಬಂದ ನೀರನ್ನು ಇಂಗಿಸುವ ಇಂಗುಗುಂಡಿಯದ್ದು. ಆಷಾಢದಲ್ಲಿ ಜಲ ಎದ್ದರೆ ಆ ಗುಂಡಿಯೇ ಬಾವಿಯಾಗುತ್ತದೆ. ಹೊಲಸು ಇಂಗುವುದೆಲ್ಲಿಗೆ? ಪಕ್ಕದ ಕುಡಿಯುವ ಬಾವಿಗೇ ಅಲ್ವಾ? ಅದರ ಬದಲು ಇಳಿಜಾರಿನಲ್ಲಿ, ಟ್ಯಾಂಕಿಗಿಂತ ಕೆಳಗೆ, ಎರಡಡಿ ಆಳದ ಜಲ್ಲಿ ಮಡಿ ಕಟ್ಟಿಸಿ. ತಲೆಗೆ ಕನಿಷ್ಠ ಒಂದು ಚದರ ಮೀಟರ್ ಜಾಗ ಬೇಕು. ತಳಕ್ಕೆ ಗಾರೆ, ಸುತ್ತ ಕಟ್ಟೆ, ಮೇಲೆ ಕಾಬಾಳೆ ಗಿಡ. ನೀರು ಜಲ್ಲಿಯೊಳಗೇ ಹರಿದು ತಿಳಿಯಾಗುತ್ತದೆ. ಅದನ್ನೂ ಹಳ್ಳಕ್ಕೆ ಬಿಡಬೇಡಿ, ಬಾಳೆಯ ಬುಡಕ್ಕೆ ಬಿಡಿ. ಬಾವಿ ಇವೆಲ್ಲಕ್ಕಿಂತ ಮೇಲೆ, 60 ಅಡಿಯಾದರೂ ದೂರ ಇರಲಿ.

ಕೆಲಸ ಏಪ್ರಿಲ್ ಒಳಗೆ ಮುಗಿಯಬೇಕು. ಫೈಬರ್ ಟ್ಯಾಂಕ್ ಇಟ್ಟರೆ ತಕ್ಷಣ ನೀರು ತುಂಬಿಸಿ. ಸುಮ್ನೆ ಖಾಲಿ ಬಿಟ್ಟರೆ ಜಲ ಎದ್ದಾಗ ಮಣ್ಣು ಸೀಳಿಕೊಂಡು ತೇಲಿ ಮೇಲೆ ಬರುತ್ತದೆ.

ಮಳೆ ಹಿಡಿದ ಮೇಲೆ ಬಾವಿ ನೀರನ್ನು, ಹೊಲಸು ಸೇರಿದೆಯೇ ಎಂದು ತೋರಿಸುವ ಎಚ್‌ಟುಎಸ್ ಪರೀಕ್ಷೆಯ ಬಾಟಲಿಗೆ ತುಂಬಿ ಎರಡು ದಿನ ಇಡಿ. ಕಪ್ಪಾದರೆ ನೀರು ಕುದಿಸಿಯೇ ಕೊಡಿ, ಟ್ಯಾಂಕಿನ ಸುತ್ತ ಎಲ್ಲಿ ಸೋರುತ್ತಿದೆ ಎಂದು ಅವತ್ತೇ ಹುಡುಕಿ.