ಮೀನು ಮುಂದಿಟ್ಟುಕೊಂಡು ಮಾಡಿದ ಧರ್ಮದ ಪಾಠ

ಕಾರವಾರದ ನಮ್ಮ ಮನೆ ಜಗಲಿಯಲ್ಲಿ ಭಾನುವಾರ ಸಂಜೆ ಕ್ರೈಸ್ತ ಮತ್ತು ಮುಸ್ಲಿಂ ಮಕ್ಕಳು ಸೇರುತ್ತಾರೆ. ಅಪ್ಪ ಅಥವಾ ಅಮ್ಮ ಜೊತೆಗೆ ಬರಲೇಬೇಕು. ನಾನು ನಿವೃತ್ತ ಶಿಕ್ಷಕಿ. ನನ್ನ ಹಳೆಯ ಗೆಳತಿಯೊಬ್ಬಳು ಮುಂಬೈಯ ಯಹೂದಿ, ಅಲ್ಲಿನ ಬೆನೆ ಇಸ್ರೇಲ್ ಎಂಬ ಸಮುದಾಯದವಳು. ರಜೆಗೆ ಮೊಮ್ಮಕ್ಕಳನ್ನು ಕರೆದುಕೊಂಡು ಬರುತ್ತಾಳೆ. ಅವರ ಮನೆಮಾತು ಮರಾಠಿ, ಹಾಗಾಗಿ ಇಲ್ಲಿಯವರಿಗೆ ಅವಳ ಮಾತು ಕಷ್ಟವಿಲ್ಲ.

ಮಕ್ಕಳನ್ನಷ್ಟೇ ಕೂರಿಸಿ ಕಲಿಸುವುದರಲ್ಲಿ ನನಗೆ ನಂಬಿಕೆ ಇಲ್ಲ. ಮನೆಗೆ ಹೋಗಿ ಅವರು ಅರ್ಧ ಮಾತು ಹೇಳುತ್ತಾರೆ, ದೊಡ್ಡವರಿಗೆ ಗಾಬರಿಯಾಗುತ್ತದೆ. ನಮ್ಮಲ್ಲಿ ಒಂದೇ ನಿಯಮ. ‘ನಮ್ಮಲ್ಲಿ ಹೀಗೆ’ ಎಂದು ಯಾರು ಬೇಕಾದರೂ ಹೇಳಬಹುದು. ಇನ್ನೊಬ್ಬರ ಧರ್ಮದ ಬಗ್ಗೆ ಕೇಳಬಹುದು, ಹೇಳುವಂತಿಲ್ಲ. ಇದು ಮಕ್ಕಳಿಗಿಂತ ದೊಡ್ಡವರಿಗೇ ಜಾಸ್ತಿ ಬೇಕಾಗುತ್ತದೆ.

ದೇವರು ಮಗನನ್ನೇ ಬಲಿ ಕೊಡು ಎಂದು ಅಬ್ರಹಾಮನನ್ನು ಪರೀಕ್ಷಿಸಿದ ಕಥೆಯಿಂದ ಶುರು ಮಾಡಿದೆವು. ಆ ಮಗ ಇಸಾಕ, ನಮ್ಮ ಯಹೂದಿ ಹೊಸ ವರ್ಷದ ಹಬ್ಬದ ಎರಡನೇ ದಿನ ಸಿನಗಾಗ್‌ನಲ್ಲಿ, ಅಂದರೆ ನಮ್ಮ ಪ್ರಾರ್ಥನಾ ಮಂದಿರದಲ್ಲಿ, ಇದನ್ನು ಓದುತ್ತೇವೆ ಎಂದಳು ಗೆಳತಿ. ನಮ್ಮಲ್ಲೂ ಇಸಾಕನೇ, ಈಸ್ಟರ್ ಹಿಂದಿನ ರಾತ್ರಿಯ ಪೂಜೆಯ ವಾಚನಗಳಲ್ಲಿ ಇದೂ ಇದೆ ಎಂದರು ಒಬ್ಬ ಕ್ಯಾಥೊಲಿಕ್ ತಂದೆ. ಬಕ್ರೀದ್ ಆ ನೆನಪಿನ ಹಬ್ಬವೇ, ಕುರ್‌ಆನ್ ಅಲ್ಲಿ ಮಗನ ಹೆಸರು ಹೇಳುವುದಿಲ್ಲ, ನಾವು ಅದು ಅಬ್ರಹಾಮನ ಇನ್ನೊಬ್ಬ ಮಗ ಇಸ್ಮಾಯಿಲ್ ಎಂದು ನಂಬುತ್ತೇವೆ ಎಂದರು ಒಬ್ಬ ಮುಸ್ಲಿಂ ತಾಯಿ.

“ಅಕ್ಕೋರೇ, ಹಂಗಾದ್ರೆ ಯಾವುದು ಸರಿ?” ಎಂದು ಒಬ್ಬ ಹುಡುಗ ಕೇಳಿದ.

ಎಲ್ಲಾ ಒಂದೇ ಎಂದು ತೇಲಿಸಿಬಿಡುವುದು ಸುಲಭ. ಅದು ಸುಳ್ಳು. “ನಿನ್ನ ನಂಬಿಕೆ ನಿನ್ನ ಅಪ್ಪನ ಹತ್ತಿರ ಕೇಳು. ಇಲ್ಲಿ ಉಳಿದವರು ಏನು ನಂಬುತ್ತಾರೆ ಅನ್ನೋದನ್ನ ಸರಿಯಾಗಿ ಕೇಳಿಸಿಕೋ” ಎಂದೆ. ಆಮೇಲೆ ಬೈಬಲ್ಲಿನ ಮೊದಲ ಪುಸ್ತಕ ಆದಿಕಾಂಡದ 25ನೇ ಅಧ್ಯಾಯ ಓದಿಸಿದೆ. ಅಬ್ರಹಾಮ ಸತ್ತಾಗ ಇಸಾಕ, ಇಸ್ಮಾಯೇಲ ಇಬ್ಬರೂ ಸೇರಿ ಅಪ್ಪನನ್ನು ಮಣ್ಣು ಮಾಡುತ್ತಾರೆ. ಅಣ್ಣತಮ್ಮಂದಿರು ಅಷ್ಟು ವರ್ಷ ಮಾತಾಡಿಕೊಂಡಿದ್ದರಾ ಎಂಬ ಚರ್ಚೆ ದೀಪ ಹಚ್ಚುವ ಹೊತ್ತಿನವರೆಗೂ ನಡೆಯಿತು!

ಎಲ್ಲಕ್ಕಿಂತ ಚೆನ್ನಾಗಿ ಆದದ್ದು ಮೀನಿನ ಪಾಠ. ಪೇಟೆಯಿಂದ ಬಂಗಡೆ, ಸಿಗಡಿ ತಂದು ತಟ್ಟೆಯಲ್ಲಿಟ್ಟೆ. ಯಹೂದಿಗಳು ತಿನ್ನುವ ಮೀನಿಗೆ ರೆಕ್ಕೆಯೂ ಮೈಮೇಲೆ ಹುರುಪೆಯೂ ಇರಬೇಕು. ಮಕ್ಕಳು ಬೆರಳಲ್ಲಿ ಸವರಿ ನೋಡಿದರು. ಬಂಗಡೆ ಆಯಿತು, ಸಿಗಡಿ ಇಲ್ಲ. ಮುಸ್ಲಿಮರಲ್ಲಿ ಧರ್ಮದ ನಿಯಮಗಳಿಗೆ ಶಾಫಿ, ಹನಫಿ ಎಂಬ ಬೇರೆ ಬೇರೆ ಪದ್ಧತಿಗಳಿವೆ. ಶಾಫಿ ಪದ್ಧತಿಯ ತಾಯಿ ಸಿಗಡಿ ಧಾರಾಳವಾಗಿ ತಿನ್ನುತ್ತೇವೆ ಎಂದರು. ಪಕ್ಕದಲ್ಲಿದ್ದ ಹನಫಿ ಮನೆಯವರು, ಅದು ಮೀನು ಹೌದೋ ಅಲ್ಲವೋ ಎಂದು ನಮ್ಮ ವಿದ್ವಾಂಸರಲ್ಲೇ ಎರಡು ಮಾತಿದೆ, ಕೆಲವರು ಬಿಡುತ್ತಾರೆ ಎಂದರು. ಒಂದೇ ಧರ್ಮದೊಳಗೂ ಎರಡು ಉತ್ತರ ಇರುತ್ತದೆ ಎಂಬುದು ಮಕ್ಕಳಿಗೆ ಅವತ್ತು ತಟ್ಟನೆ ತಿಳಿಯಿತು. ಕ್ಯಾಥೊಲಿಕ್ ಹುಡುಗಿಯೊಬ್ಬಳು, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಶುಕ್ರವಾರ ನಮಗೆ ಮಾಂಸ ಇಲ್ಲ, ಮೀನು ಆಗ್ತದೆ ಎಂದಳು.

ಗೆಳತಿ ಕೊನೆಗೆ ಮಲಿದಾ ಮಾಡಿ ಹಂಚಿದಳು. ಅವಲಕ್ಕಿ, ಸಕ್ಕರೆ, ತೆಂಗಿನತುರಿ, ಹಣ್ಣು. ಬೆನೆ ಇಸ್ರೇಲರು ಇದನ್ನು ಪ್ರವಾದಿ ಎಲಿಯನ ಹೆಸರಿನಲ್ಲಿ ಮಾಡುತ್ತಾರೆ. ಮುಸ್ಲಿಮರಿಗೆ ಅವರು ಇಲ್ಯಾಸ್.

ಮುಂದಿನ ಸಲ ಯೋಸೇಫನ ಕಥೆ ಬೇಕೆಂದು ತಾಯಂದಿರೇ ಕೇಳಿದ್ದಾರೆ. ಮುಸ್ಲಿಮರಿಗೆ ಅವರು ಯೂಸುಫ್, ಕುರ್‌ಆನಿನ 12ನೇ ಅಧ್ಯಾಯ ಹೆಚ್ಚುಕಡಿಮೆ ಪೂರ್ತಿ ಅವರದ್ದೇ. ಓದಿಕೊಂಡು ಬರುವ ಕೆಲಸ ಈ ಬಾರಿ ಅಪ್ಪಂದಿರಿಗೆ.