ಮೂರು ಸವೆದ ಟೇಪು, ಒಂದು ಒಳ್ಳೇ ಕಾಪಿ: ನನ್ನ ಅನುಭವ

ಒಂದೇ ಸಿನಿಮಾದ ಮೂರು ಹಳೇ ವಿಡಿಯೋ ಟೇಪನ್ನು ಕಂಪ್ಯೂಟರಿಗೆ ಕ್ಯಾಪ್ಚರ್ ಮಾಡಿ, ಚಿತ್ರದ ಪ್ರತಿ ಚುಕ್ಕೆಗೂ ಮೀಡಿಯನ್, ಅಂದರೆ ಮೂರರಲ್ಲಿ ನಡುವಿನ ಮೌಲ್ಯ, ತೆಗೆದರೆ ಸವೆತದ ಗೆರೆಗಳು ಹೋಗುತ್ತವೆ ಅಂದಾಗ ಯಾರೂ ನಂಬಲಿಲ್ಲ. ಡಿನಾಯ್ಸ್ (ಚಿತ್ರದ ಕಾಳುಕಾಳು ಅಳಿಸುವ ಫಿಲ್ಟರ್) ಹಾಕು, ಸಾಕು ಅಂದರು. ಈಗ ಕಾಪಿ ನನ್ನ ಕೈಯಲ್ಲಿದೆ, ಅದಕ್ಕೇ ಬರೆಯುತ್ತಿದ್ದೇನೆ.

'ದ ಸೈಲೆನ್ಸ್ ಆಫ್ ದ ಲ್ಯಾಂಬ್ಸ್'ಗೆ 1992ರಲ್ಲಿ 5 ಆಸ್ಕರ್ ಬಂದ ಮೇಲೆ ಅಮೆರಿಕದಲ್ಲಿ ಕಡಿಮೆ ದುಡ್ಡಿನ ಸೀರಿಯಲ್ ಕಿಲ್ಲರ್ ಸಿನಿಮಾಗಳು ಸಾಲುಸಾಲಾಗಿ ಬಂದವು. ಎಷ್ಟೋ ಥಿಯೇಟರ್ ಮುಖವನ್ನೇ ನೋಡದೆ ನೇರ ವಿಎಚ್‌ಎಸ್‌ಗೆ ಹೋದವು, ಕೆಲವು ಅಲ್ಲೇ ಉಳಿದವು. ನಾನು ಕಾಪಿ ಮಾಡಿದ್ದೂ ಅಂಥದ್ದೇ ಒಂದು. ನನಗೆ ಅವು ತುಂಬಾ ಇಷ್ಟ. ಎರಡೇ ಲೈಟ್ ಇಟ್ಟು ಒಂದಿಡೀ ಗೋಡೌನ್ ತೋರಿಸುವ ಧೈರ್ಯ ಅವುಗಳಿಗಿತ್ತು.

ನಮಗೆ ಸಿಗುವುದೆಲ್ಲ ಬಾಡಿಗೆಗೆ ಓಡಿದ ಟೇಪು, ಅಲ್ವಾ? ಜನ ಕೊಲೆ ಸೀನನ್ನೇ ಹಿಂದೆ ತಿರುಗಿಸಿ, ಪಾಜ್ ಒತ್ತಿ ನಿಲ್ಲಿಸಿ ನೋಡಿರುತ್ತಾರೆ. ಪಾಜ್‌ನಲ್ಲಿ ಟೇಪ್ ನಿಂತಿದ್ದರೂ ಅದನ್ನು ಓದುವ ಹೆಡ್ ಅದೇ ಜಾಗವನ್ನು ಉಜ್ಜುತ್ತಲೇ ಇರುತ್ತದೆ. ಹಾಗಾಗಿ ಮೂರೂ ಟೇಪು ಒಂದೇ ಸೀನಿನಲ್ಲಿ ಸವೆದಿದ್ದವು. ಆದರೆ ಬಿಳಿ ಗೆರೆ ಮಾತ್ರ ಒಂದೊಂದರಲ್ಲಿ ಒಂದೊಂದು ಕಡೆ! ಮೀಡಿಯನ್ ಗೆಲ್ಲುವುದು ಅಲ್ಲೇ. ಎರಡು ಟೇಪು ಒಪ್ಪಿದರೆ ಮೂರನೆಯದರ ಗೆರೆ ಮಾಯ. ಸರಾಸರಿ ತೆಗೆದರೆ ಗೆರೆ ಮಸುಕಾಗುತ್ತದೆ ಅಷ್ಟೇ, ಹೋಗುವುದಿಲ್ಲ.

ಮೊದಲು ಒಂದೇ ಟೇಪನ್ನು ಐದು ಸಲ ಕ್ಯಾಪ್ಚರ್ ಮಾಡಿದೆ. ಸುಮ್ನೆ ದಂಡ. ನಾಯ್ಸ್ ಸ್ವಲ್ಪ ಇಳಿಯಿತು, ಆದರೆ ಟೇಪಿನ ಲೇಪನವೇ ಕಿತ್ತುಹೋದ ಕಡೆ ಐದರಲ್ಲೂ ಅದೇ ಗೆರೆ. ಆಮೇಲೆ ಇನ್ನೆರಡು ಟೇಪ್ ತರಿಸಿದೆ. ಮೂರಕ್ಕೂ ಸೇರಿ 40 ಡಾಲರ್ ಆಸುಪಾಸು, ಸಾಗಣೆಗೆ ಅದಕ್ಕಿಂತ ಜಾಸ್ತಿ. ಒಂದಕ್ಕೆ ಬೂಷ್ಟು ಹಿಡಿದಿತ್ತು, ಅದನ್ನು ಪಕ್ಕಕ್ಕಿಟ್ಟು ಮತ್ತೊಂದು ಕೊಂಡೆ. ಟಿಬಿಸಿ (ಅಲುಗುವ ಚಿತ್ರವನ್ನು ನೇರ ಮಾಡುವ ಸರ್ಕ್ಯೂಟ್) ಇರುವ ಎಸ್-ವಿಎಚ್‌ಎಸ್ ಡೆಕ್ (ಟೇಪ್ ಪ್ಲೇಯರ್) ರಿಪೇರಿಗೆ ಹೋದ ದುಡ್ಡು ಬೇರೆ. ಒಂದೂವರೆ ಗಂಟೆ ಸಿನಿಮಾಗೆ, ಗುಣಮಟ್ಟ ಕಳೆಯದ ವಿಡಿಯೋ ಫಾರ್ಮ್ಯಾಟ್ ಹಫ್‌ವೈಯುವಿಯಲ್ಲಿ ಹತ್ತಿರ ಹತ್ತಿರ 45 ಜಿಬಿ. ಒಂದೊಂದು ಟೇಪಿಗೆ ಮೂರು ಸಲ ಅಂತ ಒಂಬತ್ತು ಫೈಲ್ ಮಾಡಿದೆ, ಡಿಸ್ಕ್ ತುಂಬಿತು.

ಮೊದಲ ರಿಸಲ್ಟ್‌ನಲ್ಲಿ 20ನೇ ನಿಮಿಷದಿಂದ ಯಾರಾದರೂ ಅಲುಗಿದಾಗಲೆಲ್ಲ ಮುಖದ ಅಂಚು ಕದಡಿತ್ತು. ಒಂದು ಫೈಲ್‌ನಲ್ಲಿ ಒಂದೇ ಒಂದು ಫ್ರೇಮ್ ಬಿದ್ದುಹೋಗಿತ್ತು. ಅದನ್ನು ಹುಡುಕಲು ಎರಡು ವಾರ ಹಿಡಿಯಿತು. ಈಗ ಫ್ರೇಮ್ ಜೋಡಿಸುವುದಕ್ಕೆ ನನ್ನದೇ ಒಂದು ಸ್ಕ್ರಿಪ್ಟ್ ಇದೆ. ಅದನ್ನು ಸದ್ಯಕ್ಕೆ ಕೊಡುವುದಿಲ್ಲ. ಇಷ್ಟು ಹೇಳಬಲ್ಲೆ: ಮೊದಲು ಮೂರೂ ಟೇಪಿನ ಕಪ್ಪು ಮಟ್ಟ (ಕಪ್ಪು ಎಷ್ಟು ಗಾಢ ಅನ್ನುವುದು) ಒಂದೇ ಮಾಡಿಕೊಳ್ಳಿ, ಜೋಡಣೆ ಆಮೇಲೆ.

ನಡುವೆ ಸೌಂಡ್ ಜೊತೆಗೂ ಆಡಿದೆ. ಟೇಪಿನಲ್ಲಿ ಸೌಂಡ್ ಎರಡು ಕಡೆ ಇರುತ್ತದೆ: ಸವೆದ ಕಡೆ ಚಿತ್ರದ ಜಾಗದಲ್ಲೇ ಇರುವ ಹೈ-ಫೈ ಟ್ರ್ಯಾಕ್ ಗರಗರ ಅನ್ನುತ್ತದೆ, ಅಂಚಿನಲ್ಲಿರುವ ಲೀನಿಯರ್ ಟ್ರ್ಯಾಕ್ ಮಂದವಾದರೂ ನಿಂತಿರುತ್ತದೆ. ಆ ಜಾಗಕ್ಕೆ ಲೀನಿಯರ್‌ನಿಂದ ತುಂಡು ತೆಗೆದು ಕೂರಿಸಿದೆ. ಮಾತಿಗೆ ಚೆನ್ನಾಗಿ ಒಪ್ಪಿತು, ಸಂಗೀತಕ್ಕೆ ಒಪ್ಪಲಿಲ್ಲ.

ಡಿನಾಯ್ಸ್ ಹಾಕಿದ ಕಾಪಿಯನ್ನೂ ಪಕ್ಕದಲ್ಲಿಟ್ಟು ನೋಡಿದೆ. ಅದರಲ್ಲಿ ಮುಖಗಳು ಮೇಣದ ಹಾಗೆ. ನನ್ನದರಲ್ಲಿ ಗೋಡೌನ್ ಬಾಗಿಲ ಹಿಂದೆ, ಕತ್ತಲಲ್ಲಿ ನಿಂತ ಕೊಲೆಗಾರನ ಕೈಗವಸಿನ ಹೊಲಿಗೆ ಕಾಣುತ್ತದೆ. ಅವನು ಅಲ್ಲಿ ನಿಂತಿದ್ದಾನೆ ಅಂತಲೇ ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ.