ಬೋರ್‌ವೆಲ್ ಕೊರೆಸುವ ಮುಂಚೆ ಬುಡದಿಂದ ಲೆಕ್ಕ ಹಾಕಿ

ಬೆಂಗಳೂರಿನಲ್ಲಿ ಬೇಸಿಗೆ ಬಂದರೆ ಸಂಪು ಖಾಲಿ. ಪಕ್ಕದ ಮನೆಯವರು ಬೋರ್ ಕೊರೆಸಿದರು, ನಾವೂ ಕೊರೆಸೋಣ ಅನಿಸುತ್ತದೆ ಅಲ್ವಾ? ದೊಡ್ಡ ಸಮಸ್ಯೆ ಬಂದಾಗ ಬೇರೆಯವರು ಮಾಡಿದ್ದನ್ನೇ ಮಾಡುವುದು ನಮ್ಮೆಲ್ಲರ ಅಭ್ಯಾಸ. ಅದನ್ನು ಬಿಟ್ಟು, ಖಂಡಿತ ಗೊತ್ತಿರುವ ಸಂಗತಿಗಳಿಂದಲೇ ಶುರು ಮಾಡಿ ನೋಡಿ.

ಮೊದಲು ಪ್ರಶ್ನೆಯನ್ನು ತಿದ್ದಿಕೊಳ್ಳಿ. 'ಬೋರ್ ಎಷ್ಟು ಅಡಿ ಹೋಗಬೇಕು?' ಅಂತ ಕೇಳಿದರೆ ಉತ್ತರವನ್ನು ಆಗಲೇ ಅರ್ಧ ಒಪ್ಪಿಕೊಂಡಂತೆ. ಮನೆಗೆ ದಿನಕ್ಕೆ ಎಷ್ಟು ನೀರು ಬೇಕು, ಯಾವ್ಯಾವುದಕ್ಕೆ ಬೇಕು ಅಂತ ಕೇಳಿ.

ಆಮೇಲೆ ನಿಮ್ಮ ನಂಬಿಕೆಗಳನ್ನು ಹಾಳೆಯಲ್ಲಿ ಬರೆಯಿರಿ. ಆಳಕ್ಕೆ ಹೋದರೆ ನೀರು ಸಿಕ್ಕೇ ಸಿಗುತ್ತದೆ. ಮಳೆ ನೀರಿನಿಂದ ಏನೂ ಆಗಲ್ಲ. ಒಂದೊಂದರ ಮುಂದೆಯೂ 'ಇದು ನನಗೆ ಹೇಗೆ ಗೊತ್ತು?' ಅಂತ ಕೇಳಿಕೊಳ್ಳಿ. ಮೊದಲನೆಯದು ಅಲ್ಲೇ ಬಿದ್ದುಹೋಗುತ್ತದೆ. ಬೆಂಗಳೂರಿನ ಕೆಳಗಿರುವುದು ಗಟ್ಟಿ ಬಂಡೆ. ನೀರು ನಿಲ್ಲುವುದು ಅದರ ಬಿರುಕುಗಳಲ್ಲಿ. ಬಿರುಕು ಸಿಗದಿದ್ದರೆ ಎಷ್ಟು ಕೊರೆದರೂ ಬರುವುದು ಬರೀ ಧೂಳು.

ಎರಡನೆಯದಕ್ಕೆ ಪೆನ್ನು ಹಿಡಿಯಬೇಕು. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಸರಿಯಾಗಿ 1 ಲೀಟರ್ ನೀರು. ಇದರಲ್ಲಿ ವಾದಕ್ಕೆ ಜಾಗವಿಲ್ಲ. 1,000 ಚದರ ಅಡಿ ತಾರಸಿ ಅಂದರೆ ಸುಮಾರು 93 ಚದರ ಮೀಟರ್. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿ.ಮೀ. ಆಸುಪಾಸು ಮಳೆ. ಗುಣಿಸಿದರೆ 90,000 ಲೀಟರ್! ಐದರಲ್ಲೊಂದು ಪಾಲು ಹಾಳಾಯಿತು ಅಂದುಕೊಂಡರೂ 72,000 ಲೀಟರ್ ಉಳಿಯುತ್ತದೆ. 6,000 ಲೀಟರಿನ ಟ್ಯಾಂಕರ್ 12 ಸಲ ಬಂದಷ್ಟು. ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನುವುದು ಸರ್ಕಾರ ಹಿಡಿಯುವ ಅಳತೆ. ಹಾಗೆ ನೋಡಿದರೆ ನಾಲ್ಕು ಜನರ ಮನೆಗೆ ಇದು ನಾಲ್ಕು ತಿಂಗಳಿಗೂ ಜಾಸ್ತಿ ಸಾಕು.

ಈ ಲೆಕ್ಕ ಇನ್ನೊಂದು ವಿಷಯವನ್ನೂ ತೋರಿಸುತ್ತದೆ. ಒಂದು ಸಂಜೆ 20 ಮಿ.ಮೀ. ಸುರಿದರೆ ಆ ತಾರಸಿಯಿಂದ 1,860 ಲೀಟರ್ ಒಮ್ಮೆಗೇ ಇಳಿಯುತ್ತದೆ. ಅಂದರೆ ನಿಜವಾದ ತೊಡಕು ನೀರು ಹಿಡಿದಿಡುವ ಜಾಗದ್ದು. 2,000 ಲೀಟರಿನ ಒಂದು ಟ್ಯಾಂಕು, ಅದಕ್ಕೊಂದು ಫಿಲ್ಟರ್, ತುಂಬಿ ಹರಿದದ್ದಕ್ಕೆ ಇಂಗುಗುಂಡಿ. ಮೊದಲ ಮಳೆಯ ಕೊಳೆನೀರನ್ನು ಮಾತ್ರ ಹೊರಗೆ ಬಿಟ್ಟುಬಿಡಿ.

ಇನ್ನು ನೀರಿನ ಖರ್ಚಿನ ಕಡೆ. ಹಳೆಯ ಫ್ಲಶ್ ಟ್ಯಾಂಕ್ ಒಂದು ಸಲಕ್ಕೆ 10 ಲೀಟರ್ ಸುರಿಯುತ್ತದೆ ಅಂದುಕೊಳ್ಳಿ. ನಾಲ್ಕು ಜನ, ತಲಾ ಐದು ಸಲ: ದಿನಕ್ಕೆ 200 ಲೀಟರ್. ಕಡಿಮೆ ನೀರಿಗೊಂದು, ಜಾಸ್ತಿ ನೀರಿಗೊಂದು ಅಂತ ಎರಡು ಬಟನ್ ಇರುವ ಫ್ಲಶ್ ಹಾಕಿಸಿದರೆ ಇದು ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಇದಕ್ಕೆ ಕಾವೇರಿ ನೀರೇ ಬೇಕಂತಿಲ್ಲ, ಟ್ಯಾಂಕಿನ ಮಳೆ ನೀರು ಸಾಕು.

ಕೊನೆಗೆ ನಿಮ್ಮ ಅಂಕಿಗಳನ್ನು ಮನೆಯಲ್ಲೇ ಪರೀಕ್ಷಿಸಿ. ರಾತ್ರಿ ಮಲಗುವ ಮುಂಚೆ ಮೇಲಿನ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ. ಯಾರೂ ನಲ್ಲಿ ತಿರುಗಿಸದೆ ಬೆಳಿಗ್ಗೆ ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಪ್ಲಂಬರ್ ಕರೆಸಿ ಸರಿ ಮಾಡಿಸಿ, ಆಮೇಲೆ ಲೆಕ್ಕವನ್ನು ಇನ್ನೊಮ್ಮೆ ಬರೆಯಿರಿ.